ಕೀಬೋರ್ಡ್ ರಿಜಿಸ್ಟ್ರೇಶನ್: ನಾನು ಏನನ್ನು ಸೇವ್ ಮಾಡುತ್ತೇನೆ, ಏನನ್ನು ಬಿಡುತ್ತೇನೆ

ಆರ್ಕೆಸ್ಟ್ರಾದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ನಮಗೆ ಸಿಗುವುದು ನಿರೂಪಕರು ಮಾತಾಡುವಷ್ಟು ಹೊತ್ತು. ಅಷ್ಟರಲ್ಲಿ ಸ್ಟೈಲ್ (ಕೀಬೋರ್ಡ್ ತಾನಾಗೇ ನುಡಿಸುವ ತಾಳ, ಪಕ್ಕವಾದ್ಯ) ಹುಡುಕಿ, ಟೆಂಪೋ (ವೇಗ) ಹಾಕಿ, ಕೊಳಲು, ಸ್ಟ್ರಿಂಗ್ಸ್ ಆರಿಸಿ, ವಾಲ್ಯೂಮ್ ಸರಿ ಮಾಡುವುದು ಆಗದ ಕೆಲಸ. ಅದಕ್ಕೇ ರಿಜಿಸ್ಟ್ರೇಶನ್ ಮೆಮೊರಿ ಇರುವುದು: ಇವೆಲ್ಲವನ್ನೂ ಮೊದಲೇ ಒಂದು ಬಟನ್‌ನಲ್ಲಿ ಉಳಿಸಿಟ್ಟು, ಬೇಕಾದಾಗ ಅದನ್ನು ಒತ್ತಿ ವಾಪಸ್ ತರುವ ವ್ಯವಸ್ಥೆ. ನಾನು ನುಡಿಸುವುದು ಯಮಾಹಾ ಪಿಎಸ್‌ಆರ್-ಎಸ್‌ಎಕ್ಸ್700. ಅದರಲ್ಲಿ ಒಂದು ಬ್ಯಾಂಕಿಗೆ, ಅಂದರೆ ಒಟ್ಟಿಗೆ ಉಳಿಸುವ ಒಂದು ಗುಂಪಿಗೆ, 10 ಬಟನ್.

ನನ್ನ ಪದ್ಧತಿ ಇಷ್ಟೇ: ಒಂದು ಹಾಡಿಗೆ ಒಂದು ಬ್ಯಾಂಕ್, ಬಟನ್‌ಗಳು ಹಾಡಿನ ಕ್ರಮದಲ್ಲೇ. ಒಂದನೇ ಬಟನ್ ಇಂಟ್ರೋ, ಎರಡು ಪಲ್ಲವಿಯ ಹಿಂದೆ ಮೆಲ್ಲಗೆ ಬರುವ ಸ್ಟ್ರಿಂಗ್ಸ್, ಮೂರು ಮೊದಲ ಬಿಜಿಎಂ (ಹಾಡಿನ ನಡುವೆ ಬರುವ ವಾದ್ಯಸಂಗೀತ), ನಾಲ್ಕು ಚರಣ, ಹೀಗೆ. ಹಾಡು ಬಾಯಿಪಾಠ ಇದ್ದರೆ ಬಟನ್‌ಗಳೂ ತಾನಾಗೇ ಬಾಯಿಪಾಠ ಆಗುತ್ತವೆ.

ಮೆಮೊರಿ ಬಟನ್ ಒತ್ತಿದ ತಕ್ಷಣ ಸ್ಕ್ರೀನ್ ಮೇಲೆ ಒಂದು ಪಟ್ಟಿ ಬರುತ್ತೆ. ವಾಯ್ಸ್ (ವಾದ್ಯದ ದನಿ), ಸ್ಟೈಲ್, ಟೆಂಪೋ, ಟ್ರಾನ್ಸ್‌ಪೋಸ್ ಎಂದೆಲ್ಲ ಇರುತ್ತೆ, ಪ್ರತಿಯೊಂದಕ್ಕೂ ಟಿಕ್ ಹಾಕಬಹುದು, ತೆಗೆಯಬಹುದು. ತುಂಬಾ ಜನ ಈ ಪಟ್ಟಿಯನ್ನು ನೋಡುವುದೇ ಇಲ್ಲ, ಸೀದಾ ನಂಬರ್ ಒತ್ತಿಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದೇ ಈ ಪಟ್ಟಿ. ಒಂದು ಬಟನ್ ಏನನ್ನು ಬದಲಾಯಿಸಬೇಕು ಅನ್ನುವುದಕ್ಕಿಂತ ಏನನ್ನು ಮುಟ್ಟಬಾರದು ಅನ್ನುವುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು.

ಟ್ರಾನ್ಸ್‌ಪೋಸ್ ನೋಡಿ, ಅಂದರೆ ಕೀಬೋರ್ಡಿನ ಶ್ರುತಿಯನ್ನು ಅರ್ಧರ್ಧ ಸ್ವರದಂತೆ ಏರಿಸುವುದು, ಇಳಿಸುವುದು. ಅದು ಹಾಡಿಗೆ ಸೇರಿದ್ದಲ್ಲ, ಹಾಡುವವರಿಗೆ ಸೇರಿದ್ದು. ನನ್ನ ಬೆರಳಿಗೆ ಒಂದು ಹಾಡು ಸಿ ಮೇಜರ್‌ನಲ್ಲಿ ಕೂತಿದೆ ಅಂದುಕೊಳ್ಳಿ. ಅದೇ ಹಾಡನ್ನು ಒಬ್ಬರು ಸಿ ಶಾರ್ಪ್‌ನಲ್ಲಿ ಹಾಡಿದರೆ ಪ್ಲಸ್ 1, ಹೆಣ್ಣುಮಕ್ಕಳು ಜಿ ಕೇಳಿದರೆ ಮೈನಸ್ 5. ಜೊತೆಗೆ ಹಾಡು ಶುರುವಾಗುವ ಮುಂಚೆ ಯಾರಾದರೂ ಹತ್ತಿರ ಬಂದು "ಅಣ್ಣಾ, ಇವತ್ತು ಗಂಟಲು ಕಟ್ಟಿದೆ, ಅರ್ಧ ಇಳಿಸಿ" ಅಂತಾರೆ. ಇಳಿಸುತ್ತೇನೆ. ಬಟನ್‌ನಲ್ಲಿ ಟ್ರಾನ್ಸ್‌ಪೋಸ್ ಸೇವ್ ಆಗಿದ್ದರೆ, ಪಲ್ಲವಿ ಸರಿಯಾಗಿ ಹೋಗಿ ಬಿಜಿಎಂಗೆ ಮೂರನೇ ಬಟನ್ ಒತ್ತಿದ ಕೂಡಲೇ ಶ್ರುತಿ ಹಳೇ ಜಾಗಕ್ಕೆ ಹಾರುತ್ತೆ, ಪಾಪ ಹಾಡುವವರು ನಡುನೀರಿನಲ್ಲಿ. ಅದಕ್ಕೇ ಆ ಟಿಕ್ ನಾನು ಯಾವ ಬಟನ್‌ಗೂ ಹಾಕುವುದಿಲ್ಲ. ಹಳೇ ಬ್ಯಾಂಕ್‌ಗಳಲ್ಲಿ ಅದು ಈಗಾಗಲೇ ಸೇರಿಕೊಂಡಿದ್ದರೆ ಒಂದೊಂದನ್ನೇ ತಿದ್ದುತ್ತಾ ಕೂರಬೇಕಿಲ್ಲ. ಫ್ರೀಜ್ ಸೆಟ್ಟಿಂಗ್‌ನಲ್ಲಿ ಟ್ರಾನ್ಸ್‌ಪೋಸ್ ಆರಿಸಿ ಫ್ರೀಜ್ ಆನ್ ಮಾಡಿದರೆ ಯಾವ ಬಟನ್ ಒತ್ತಿದರೂ ಶ್ರುತಿ ಅಲುಗಾಡಲ್ಲ.

ಇದರ ಜೊತೆಗೇ ಬರುವ ಇನ್ನೊಂದು ವಿಷಯ ಇದೆ. ಮೈನಸ್ 5ಕ್ಕೆ ಇಳಿಸಿದಾಗ ಕೊಳಲಿನ ದನಿ ಮಂಕಾಗುತ್ತೆ, ಸ್ಟೇಜ್ ಮೇಲೆ ಎದ್ದು ಕೇಳಿಸಲ್ಲ. ಅದಕ್ಕೆ ಕೊಳಲು ಮುಖ್ಯವಾಗಿರುವ ಹಾಡುಗಳಲ್ಲಿ ಅದೇ ಬಿಜಿಎಂಗೆ ಎರಡು ಬಟನ್ ಇಡುತ್ತೇನೆ, ಒಂದರಲ್ಲಿ ಕೊಳಲು ಇದ್ದ ಹಾಗೆ, ಇನ್ನೊಂದರಲ್ಲಿ ಒಂದು ಆಕ್ಟೇವ್ ಮೇಲೆ. ಯಾರು ಹಾಡುತ್ತಾರೆ ನೋಡಿಕೊಂಡು ಒತ್ತುವುದು.

ಟೆಂಪೋ, ಸ್ಟೈಲ್ ಎರಡನ್ನೂ ಮೊದಲ ಬಟನ್‌ನಲ್ಲಿ ಮಾತ್ರ ಉಳಿಸುತ್ತೇನೆ. ಮಿಕ್ಕವುಗಳಲ್ಲಿ ಬರೀ ವಾಯ್ಸ್. ಹಾಡುವವರು ಸ್ವಲ್ಪ ಎಳೆದರೆ ನಾನು ಟ್ಯಾಪ್ ಮಾಡಿ ಟೆಂಪೋ ಇಳಿಸಿರುತ್ತೇನೆ, ಮುಂದಿನ ಬಟನ್ ಅದನ್ನು ಕೆಡಿಸಬಾರದು ಅಲ್ವಾ? ಮೇನ್ ಎ, ಬಿ (ಒಂದೇ ಸ್ಟೈಲ್‌ನ ಬೇರೆ ಬೇರೆ ರೂಪಗಳು) ಬದಲಾವಣೆಯನ್ನು ಕೈಯಲ್ಲೇ ಮಾಡುತ್ತೇನೆ, ಫಿಲ್ (ನಡುವೆ ಬರುವ ಚಿಕ್ಕ ತಾಳದ ತುಣುಕು) ಎಲ್ಲಿ ಬೀಳಬೇಕು ಅನ್ನುವುದು ಆಗ ನನ್ನ ಕೈಯಲ್ಲೇ ಇರುತ್ತೆ.

ವಾಲ್ಯೂಮ್ ಬ್ಯಾಲೆನ್ಸ್‌ಗೆ ಹೆಡ್‌ಫೋನ್ ನಂಬಬೇಡಿ. ಮನೆಯಲ್ಲಿ ಹೆಡ್‌ಫೋನ್ ಹಾಕಿ ಚೆನ್ನಾಗಿ ಕೂಡಿಸಿದ ಬೇಸ್ ದೊಡ್ಡ ಸ್ಪೀಕರ್‌ನಲ್ಲಿ ಎಲ್ಲವನ್ನೂ ನುಂಗಿಬಿಡುತ್ತೆ. ರಿಹರ್ಸಲ್‌ನಲ್ಲಿ ಸ್ಪೀಕರ್‌ಗೆ ಹಾಕಿ, ಒಬ್ಬರನ್ನು ದೂರ ನಿಲ್ಲಿಸಿ ಕೇಳಿಸಿ ಆಮೇಲೆ ಸೇವ್ ಮಾಡುವುದು ಒಳ್ಳೆಯದು.

ಸೇವ್ ಅನ್ನುವುದು ಇಲ್ಲಿ ಎರಡು ಹಂತ. ಬಟನ್‌ಗೆ ಮೆಮೊರಿ ಮಾಡಿದರೆ ಅದು ಆ ಬಟನ್‌ನಲ್ಲಿ ಕೂರುತ್ತೆ ಅಷ್ಟೇ. ಆಮೇಲೆ ಬ್ಯಾಂಕನ್ನು ಫೈಲ್ ಆಗಿ ಉಳಿಸಬೇಕು. ಉಳಿಸದೆ ಬೇರೆ ಬ್ಯಾಂಕ್ ತೆರೆದರೆ ಮಾಡಿದ್ದೆಲ್ಲ ಹೋಯಿತು. ಸೌಂಡ್ ಚೆಕ್ ಗಡಿಬಿಡಿಯಲ್ಲಿ ಏನಾದರೂ ತಿದ್ದಿದಾಗ ಇದನ್ನು ಮರೆಯುವುದು ಸುಲಭ.

ಪೆಡಲ್ ಇದ್ದವರು ರಿಜಿಸ್ಟ್ರೇಶನ್ ಸೀಕ್ವೆನ್ಸ್ ಉಪಯೋಗಿಸಿ. ಬಟನ್‌ಗಳ ಕ್ರಮವನ್ನು ಮೊದಲೇ ಬರೆದಿಟ್ಟರೆ ಕಾಲಿನಲ್ಲಿ ಒಂದೊಂದೇ ಮುಂದಕ್ಕೆ ಹೋಗಬಹುದು, ಎರಡೂ ಕೈ ಕೀಗಳ ಮೇಲೇ ಇರುತ್ತವೆ. ಬಿಜಿಎಂ ಜಾಸ್ತಿ ಇರುವ ಹಾಡಿಗೆ ಇದು ನಿಜಕ್ಕೂ ವರ.

ಬ್ಯಾಂಕ್‌ಗಳನ್ನೆಲ್ಲ ಪ್ಲೇಲಿಸ್ಟ್‌ಗೆ ಸೇರಿಸಿ ಕಾರ್ಯಕ್ರಮದ ಕ್ರಮದಲ್ಲಿ ಜೋಡಿಸಿಕೊಳ್ಳುತ್ತೇನೆ. ಒಂದು ಎಚ್ಚರ: ಪ್ಲೇಲಿಸ್ಟ್‌ನಲ್ಲಿ ಇರುವುದು ಬ್ಯಾಂಕ್ ಎಲ್ಲಿದೆ ಅನ್ನುವ ವಿಳಾಸ ಮಾತ್ರ. ಬ್ಯಾಂಕ್‌ನ ಒಳಗೂ ಹಾಗೇ, ಹೊರಗಿನಿಂದ ತಂದ ಸ್ಟೈಲ್ ಇದ್ದರೆ ಅದರ ವಿಳಾಸ ಇರುತ್ತೆ, ಸ್ಟೈಲ್ ಇರಲ್ಲ. ಸ್ಟೈಲ್ ಪೆನ್‌ಡ್ರೈವ್‌ನಲ್ಲಿದ್ದು ಪೆನ್‌ಡ್ರೈವ್ ಮನೆಯಲ್ಲಿ ಉಳಿದರೆ ಬಟನ್ ಒತ್ತಿದರೂ ಆ ಸ್ಟೈಲ್ ಬರಲ್ಲ. ಫೋಲ್ಡರ್ ಹೆಸರು ಬದಲಾಯಿಸಿದರೂ ಅದೇ ಕಥೆ. ಹಾಗಾಗಿ ಸ್ಟೈಲ್‌ಗಳನ್ನು ಕೀಬೋರ್ಡ್‌ನ ಯೂಸರ್ ಮೆಮೊರಿಗೇ ಹಾಕಿ, ಆಮೇಲೆ ಬ್ಯಾಂಕ್ ಮಾಡುತ್ತೇನೆ. ಎಲ್ಲದರ ಕಾಪಿ ಎರಡು ಪೆನ್‌ಡ್ರೈವ್‌ನಲ್ಲಿ, ಒಂದು ಕೀಬೋರ್ಡ್ ಬ್ಯಾಗ್‌ನಲ್ಲಿ, ಇನ್ನೊಂದು ಮನೆಯಲ್ಲಿ.