ಸೋಫಾ ಕೊಳ್ಳುವ ಮೊದಲು ಒಂದು ವಾರ ಮನೆಯನ್ನು ಗಮನಿಸಿ

ಮನೆ ಸಜ್ಜು ಮಾಡಲು ಹೊರಟಾಗ ನಾವು ಸಾಮಾನ್ಯವಾಗಿ ಬಣ್ಣದಿಂದ ಶುರು ಮಾಡುತ್ತೇವೆ. ಗೋಡೆಗೆ ಯಾವುದು, ಪರದೆಗೆ ಯಾವುದು ಅಂತ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಈ ಮನೆಯಲ್ಲಿ ನಮಗೆ ಯಾವುದು ಮುಖ್ಯ?

ಇದಕ್ಕೆ ಕೂತಲ್ಲೇ ಉತ್ತರ ಬರೆಯಬೇಡಿ. ಬರೆದರೆ ಎಲ್ಲರೂ ನೆಮ್ಮದಿ, ಸರಳತೆ, ಒಗ್ಗಟ್ಟು ಅಂತಲೇ ಬರೆಯುತ್ತೇವೆ, ಅಲ್ವಾ? ಅದರ ಬದಲು ಒಂದು ವಾರ ನೋಟ್‌ಬುಕ್ ಇಟ್ಟುಕೊಂಡು ಮನೆಯನ್ನು ಗಮನಿಸಿ. ಸಂಜೆ ಯಾರು ಎಲ್ಲಿ ಕೂರುತ್ತಾರೆ? ಯಾವ ಕುರ್ಚಿಯ ಮೇಲೆ ಬಟ್ಟೆ ರಾಶಿ ಬೀಳುತ್ತದೆ? ಯಾವ ಕೋಣೆಗೆ ದಿನಗಟ್ಟಲೆ ಯಾರೂ ಕಾಲಿಡುವುದಿಲ್ಲ? ನಾನು ಹೀಗೆ ಬರೆದಿಟ್ಟಾಗ ಒಂದು ವಿಷಯ ಎದ್ದು ಕಂಡಿತು. ಅಪರೂಪಕ್ಕೆ ಬರುವವರಿಗೆಂದು ತಂದ ದೊಡ್ಡ ಸೋಫಾ ಹಾಲ್‌ನ ಅರ್ಧ ಜಾಗ ತಿಂದಿತ್ತು. ಮಕ್ಕಳು ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಿದ್ದರು. ಮಕ್ಕಳ ಓದೇ ಮುಖ್ಯ ಎನ್ನುತ್ತಿದ್ದವರು ನಾವೇ. ಅದನ್ನು ನೋಡಿ ನನಗೆ ತುಂಬಾ ಬೇಸರವಾಯಿತು.

ವಾರ ಕಳೆದ ಮೇಲೆ ಮನೆಯವರೆಲ್ಲ ಕೂತು, ತಮಗೆ ಮುಖ್ಯವಾದ ಎರಡೆರಡು ವಿಷಯ ಬರೆಯಲಿ. ಎರಡೇ ಸಾಕು. ಜಾಸ್ತಿ ಬರೆದರೆ ಆಯ್ಕೆ ಮಾಡಿದಂತೆ ಆಗುವುದಿಲ್ಲ. ಒಬ್ಬರದು ಇನ್ನೊಬ್ಬರದಕ್ಕೆ ಹೊಂದದಿದ್ದರೆ ನಡುದಾರಿ ಹುಡುಕಲು ಹೋಗಬೇಡಿ, ಜಾಗ ಹಂಚಿಕೊಳ್ಳಿ. ಮಾತುಕತೆ ಬೇಕೆನ್ನುವವರಿಗೆ ಹಾಲ್ ಇರಲಿ, ಮೌನ ಬೇಕೆನ್ನುವವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಇರಲಿ.

ಇನ್ನು ಅಸಲಿ ಕೆಲಸ. ಬರೆದ ಮಾತನ್ನು ಅಳತೆಗೆ ಇಳಿಸಬೇಕು. ಎಲ್ಲರೂ ಒಟ್ಟಿಗೆ ಊಟ ಮಾಡುವುದು ಮುಖ್ಯವೇ? ಹಾಗಾದರೆ ಮೇಜಿನಲ್ಲಿ ಒಬ್ಬೊಬ್ಬರಿಗೆ ಸುಮಾರು 60 ಸೆಂ.ಮೀ. ಅಗಲ ಬೇಕು. ಒಂದು ಬದಿಗೆ ಮೂವರೆಂದರೆ 180 ಸೆಂ.ಮೀ. ಕುರ್ಚಿ ಹಿಂದೆ ಸರಿಸಿ ಎದ್ದೇಳಲು ಸುಮಾರು 90 ಸೆಂ.ಮೀ. ಬಿಡಿ. ಇಷ್ಟು ಜಾಗ ಹೊಂದಿಸಲು ಬೇರೇನನ್ನೋ ಬಿಡಲೇಬೇಕಾಗಬಹುದು. ನಾವು ಆ ಸೋಫಾ ಬಿಟ್ಟೆವು.

ವಯಸ್ಸಾದವರು ಸಲೀಸಾಗಿ ಓಡಾಡುವುದು ಮುಖ್ಯವಾದರೆ ಲೆಕ್ಕ ಬೇರೆ. ತುಂಬಾ ತಗ್ಗಿನ, ಮೆತ್ತಗಿನ ಆಸನದಿಂದ ಏಳುವುದು ಮಂಡಿ ನೋವಿರುವವರಿಗೆ ಕಷ್ಟ. ಸುಮಾರು 45 ಸೆಂ.ಮೀ. ಎತ್ತರದ, ಕೈ ಊರಿ ಏಳಬಹುದಾದ ಕುರ್ಚಿ ಒಳ್ಳೆಯದು. ಗಾಲಿಕುರ್ಚಿ ತಿರುಗಲು 150 ಸೆಂ.ಮೀ. ಅಗಲದ ಖಾಲಿ ನೆಲ ಬೇಕು. ಚಂದ ಕಾಣುವ ಚಿಕ್ಕ ರಗ್ಗುಗಳನ್ನು ದಯವಿಟ್ಟು ಓಡಾಡುವ ದಾರಿಯಲ್ಲಿ ಹಾಸಬೇಡಿ. ಈ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ.

ವಸ್ತು ಸುಮ್ನೆ ಕಸವಾಗಬಾರದು ಎನ್ನುವವರು ಅಂಗಡಿಯಲ್ಲಿ ಮೇಜನ್ನು ಬಗ್ಗಿ, ಅಡಿಯಿಂದ ನೋಡಿ. ಬರೀ ಅಂಟಿನಿಂದ ಸೇರಿಸಿದ್ದಕ್ಕಿಂತ ಸ್ಕ್ರೂ ಹಾಕಿದ್ದನ್ನು ಬಿಚ್ಚಿ ರಿಪೇರಿ ಮಾಡುವುದು ಸುಲಭ. ಗಟ್ಟಿ ಮರವನ್ನು ಮತ್ತೆ ಉಜ್ಜಿ ಪಾಲಿಶ್ ಮಾಡಬಹುದು. ಕುಶನ್ ಕವರ್ ಬಿಚ್ಚಿ ಒಗೆಯುವಂತಿರಲಿ.

ಒಂದನ್ನು ಆರಿಸಿಕೊಂಡಾಗ ಇನ್ನೊಂದು ಕೈತಪ್ಪುತ್ತದೆ. 1926ರಲ್ಲಿ ಮಾರ್ಗರೇಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಹೊಸ ವಸತಿಗಳಿಗಾಗಿ ಒಂದು ಅಡುಗೆಮನೆ ರೂಪಿಸಿದರು. ಹೆಂಗಸರ ಶ್ರಮ ಕಡಿಮೆಯಾಗಬೇಕು ಎಂಬುದು ಅವರ ಆಸೆ. ಅದಕ್ಕೇ ಎಲ್ಲವೂ ಕೈಗೆಟಕುವಂತೆ, ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದಲ್ಲಿ ಜೋಡಿಸಿದರು. ಓಡಾಟ ಕಡಿಮೆಯಾಯಿತು. ಆದರೆ ಆ ಪುಟ್ಟ ಕೋಣೆ ಅಡುಗೆ ಮಾಡುವವರನ್ನು ಮನೆಯವರಿಂದ ದೂರ ಮಾಡಿತು ಎಂಬ ಟೀಕೆ ಮುಂದೆ ಬಂತು. ನಿಮ್ಮ ಅಡುಗೆಮನೆಗೆ ಗೋಡೆ ಬೇಕೋ ಬೇಡವೋ ಎಂದು ಯೋಚಿಸುವಾಗ, ಅಲ್ಲಿ ದಿನಾ ನಿಲ್ಲುವವರನ್ನು ಮೊದಲು ಕೇಳಿ.

ಕೊಳ್ಳುವ ಮೊದಲು ಇನ್ನೊಂದು ಕೆಲಸ ಮಾಡಿ. ಹಳೆಯ ಪತ್ರಿಕೆಗಳನ್ನು ಸಾಮಾನಿನ ಅಳತೆಗೆ ಸೇರಿಸಿ, ಅದು ಬರುವ ಜಾಗದಲ್ಲೇ ನೆಲಕ್ಕೆ ಅಂಟಿಸಿ. ಎರಡು ದಿನ ಎಂದಿನಂತೆ ಓಡಾಡಿ. ಎಲ್ಲಿ ಕಾಗದ ತುಳಿದು ಹರಿದಿರುತ್ತದೋ, ಅಲ್ಲಿಗೆ ಇನ್ನೂ ಚಿಕ್ಕ ಸಾಮಾನು ತನ್ನಿ.