ಆಕ್ಸೈಡ್ ಆಮ್ಲೀಯವೋ ಪ್ರತ್ಯಾಮ್ಲೀಯವೋ: ಲಿಟ್ಮಸ್ ಕೈಕೊಡದಂತೆ ಪರೀಕ್ಷಿಸುವ ಬಗೆ

ಲೋಹದ ಆಕ್ಸೈಡ್ (ಆಮ್ಲಜನಕದೊಡನೆ ಸೇರಿ ಆದ ಸಂಯುಕ್ತ) ಪ್ರತ್ಯಾಮ್ಲೀಯ, ಅಲೋಹದ್ದು ಆಮ್ಲೀಯ ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಪ್ರಯೋಗಕ್ಕೆ ಕೂತಾಗ ಎಷ್ಟೋ ಸಲ ಲಿಟ್ಮಸ್ (ಆಮ್ಲಕ್ಕೆ ಕೆಂಪು, ಪ್ರತ್ಯಾಮ್ಲಕ್ಕೆ ನೀಲಿಯಾಗುವ ಕಾಗದ) ಬಣ್ಣವೇ ಬದಲಾಗುವುದಿಲ್ಲ. ತಪ್ಪು ಹೆಚ್ಚಾಗಿ ನೀರಿನ ಹತ್ತಿರ ಇರುತ್ತದೆ.

ಮೊದಲು ಮೆಗ್ನೀಸಿಯಂ. 5 ಸೆಂ.ಮೀ. ಪಟ್ಟಿಯನ್ನು ಹೊಳಪು ಬರುವವರೆಗೆ ಮರಳುಕಾಗದದಿಂದ ಉಜ್ಜಿ. ಮಂಕು ಪದರ ಉಳಿದರೆ ಬೇಗ ಹೊತ್ತಿಕೊಳ್ಳುವುದಿಲ್ಲ. ಇಕ್ಕಳದಲ್ಲಿ ಹಿಡಿದು ಹೊತ್ತಿಸಿ, ಪಿಂಗಾಣಿ ಬಟ್ಟಲಿನ ಮೇಲೆ ಹಿಡಿಯಿರಿ. ಆ ಬೆಳಕನ್ನು ನೇರವಾಗಿ ನೋಡಬೇಡಿ. ಬಿದ್ದ ಬಿಳಿ ಬೂದಿಯನ್ನು ಪುಡಿಮಾಡಿ 2–3 ಮಿ.ಲೀ. ಬಟ್ಟಿ ಇಳಿಸಿದ ನೀರು ಹಾಕಿ. ಈ ಬೂದಿ, ಅಂದರೆ ಮೆಗ್ನೀಸಿಯಂ ಆಕ್ಸೈಡ್, ನೀರಿನೊಡನೆ ಸೇರಿ ಆಗುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಕರಗುವುದು ತೀರಾ ಕಡಿಮೆ, ಹಾಗಾಗಿ ಲೋಟ ತುಂಬ ನೀರು ಸುರಿಯಬೇಡಿ. ಬೆಚ್ಚಗೆ ಮಾಡಿ ಒಂದೆರಡು ನಿಮಿಷ ಕಲಕಿ. ಈಗ ಕೆಂಪು ಲಿಟ್ಮಸ್ ಅದ್ದಿದರೆ ನಿಧಾನವಾಗಿ ನೀಲಿಗೆ ತಿರುಗುತ್ತದೆ. ಗಡಸು ಬೋರ್‌ವೆಲ್ ನೀರು ತಾನೇ ಅಷ್ಟಿಷ್ಟು ಪ್ರತ್ಯಾಮ್ಲೀಯವಾಗಿರಬಹುದು. ಬರಿ ನೀರಿನಲ್ಲೂ ಒಂದು ಕಾಗದ ಅದ್ದಿ ನೋಡಿ.

ಗಂಧಕ ಒಂದು ಚಿಟಿಕೆ ಸಾಕು. ದಹನ ಚಮಚದಲ್ಲಿ ನೀಲಿ ಉರಿ ಕಂಡ ಕೂಡಲೇ, ತಳದಲ್ಲಿ 10 ಮಿ.ಲೀ. ನೀರಿರುವ ಜಾರಿನೊಳಗೆ ಇಳಿಸಿ. ಚಮಚ ನೀರಿಗೆ ತಾಗಬಾರದು. ಉರಿ ನಂದಿದ ಮೇಲೆ ಚಮಚ ತೆಗೆದು, ಮುಚ್ಚಿ, ಚೆನ್ನಾಗಿ ಕುಲುಕಿ. ನೀಲಿ ಲಿಟ್ಮಸ್ ಕೆಂಪಾಗುತ್ತದೆ: ಸಲ್ಫರ್ ಡೈಆಕ್ಸೈಡ್ ನೀರಿನೊಡನೆ ಸೇರಿ ಸಲ್ಫ್ಯೂರಸ್ ಆಮ್ಲವಾಗಿದೆ. ಒಣ ಕಾಗದವನ್ನು ಒಣ ಅನಿಲಕ್ಕೆ ಹಿಡಿದರೆ ಏನೂ ಆಗದು. ಕಿಟಕಿ ತೆರೆದಿರಲಿ, ಉಬ್ಬಸ ಇರುವವರು ದೂರ ನಿಲ್ಲಲಿ.

ತಾಮ್ರದ ಕಪ್ಪು ಆಕ್ಸೈಡ್ ಮಾತ್ರ ನೀರಿನಲ್ಲಿ ಕರಗುವುದೇ ಇಲ್ಲ, ಲಿಟ್ಮಸ್ ಸುಮ್ಮನಿರುತ್ತದೆ. ಅಷ್ಟಕ್ಕೇ ‘ತಟಸ್ಥ’ ಎಂದು ಬರೆದುಬಿಡಬೇಡಿ. ಬೆಚ್ಚಗಿನ ಸಾರರಿಕ್ತ (ತುಂಬ ನೀರು ಬೆರೆತ) ಸಲ್ಫ್ಯೂರಿಕ್ ಆಮ್ಲಕ್ಕೆ ಹಾಕಿ ಕಲಕಿ: ಕಪ್ಪು ಪುಡಿ ಕರಗಿ ದ್ರಾವಣ ನೀಲಿಯಾಗುತ್ತದೆ, ಅದೇ ಅದರ ಪ್ರತ್ಯಾಮ್ಲ ಗುಣ. ಸತುವಿನ ಆಕ್ಸೈಡ್ ಆಮ್ಲದಲ್ಲೂ ಕರಗುತ್ತದೆ, ಸೋಡಿಯಂ ಹೈಡ್ರಾಕ್ಸೈಡ್‌ನಲ್ಲೂ ಕರಗುತ್ತದೆ, ಅದು ಉಭಯಧರ್ಮಿ. ನಿಜವಾಗಿ ತಟಸ್ಥವಾದದ್ದು ಬೇಕೆಂದರೆ ಕಾರ್ಬನ್ ಮೊನಾಕ್ಸೈಡ್, ಆದರೆ ಅದು ವಿಷ, ತರಗತಿಗೆ ಬೇಡ.

ಲಿಟ್ಮಸ್ ಸಿಗದಿದ್ದರೆ ಅರಿಶಿನ ಬಳಿದು ಒಣಗಿಸಿದ ಕಾಗದ ಇದೆ. ಸುಣ್ಣದ ನೀರು ಬಿದ್ದರೆ ಆರತಿ ನೀರಿನ ಹಾಗೆ ಕೆಂಪಾಗುತ್ತದೆ. ಆಮ್ಲಕ್ಕೆ ಹಳದಿಯಾಗೇ ಉಳಿಯುತ್ತದೆ. ದಾಸವಾಳದ ರಸ ಎರಡನ್ನೂ ತೋರಿಸುತ್ತದೆ, ಆದರೆ ಗಂಧಕದ ಪ್ರಯೋಗಕ್ಕೆ ಬಳಸಬೇಡಿ: ಸಲ್ಫರ್ ಡೈಆಕ್ಸೈಡ್ ಹೂವಿನ ಬಣ್ಣವನ್ನೇ ಬಿಳುಚಿಸಿಬಿಡುತ್ತದೆ.