ಒಂದು ಕೋಣೆ, ಇಪ್ಪತ್ತು ಬಟ್ಟೆ: ಕಲಬುರಗಿಯಲ್ಲಿ ಉಡುಪಿನ ಪುಟ್ಟ ಮ್ಯೂಸಿಯಂ ಮಾಡುವುದು ಹೇಗೆ?

ಉಡುಪಿನ ಮ್ಯೂಸಿಯಂ ಅಂದ ಕೂಡಲೇ ಗಾಜಿನ ಕಪಾಟು, ಬೊಂಬೆ, ಎಸಿ, ಲಕ್ಷಗಟ್ಟಲೆ ದುಡ್ಡು ಅಂತ ತಲೆ ಕೆಡಿಸಿಕೊಳ್ಳಬೇಡಿ. ನೇರ ಬಿಸಿಲು ಬೀಳದ ಒಂದು ಕೋಣೆ, ಇಪ್ಪತ್ತು-ಇಪ್ಪತ್ತೈದು ಬಟ್ಟೆ, ಒಂದು ದಪ್ಪ ರಿಜಿಸ್ಟರ್ ಇದ್ದರೆ ಶುರು ಮಾಡಬಹುದು. ಶಾಲೆಯ ಖಾಲಿ ಕೋಣೆ ಆದರೂ ನಡೆಯುತ್ತದೆ. ಆದರೆ ಬೇಗ ಶುರು ಮಾಡಿ. ಟ್ರಂಕಿನಲ್ಲಿರುವ ಬಟ್ಟೆ ಇನ್ನೂ ಹತ್ತು ವರ್ಷ ಇದ್ದೀತು, ಅದನ್ನು ಯಾವ ಹಬ್ಬಕ್ಕೆ ಉಟ್ಟಿದ್ದು, ಯಾರು ಹೊಲಿದಿದ್ದು ಅಂತ ಹೇಳುವವರು ಅಷ್ಟು ದಿನ ಇರಲಿಕ್ಕಿಲ್ಲ.

ಮೊದಲು ವಿಷಯ ಗಟ್ಟಿ ಮಾಡಿಕೊಳ್ಳಿ. ಇಡೀ ದೇಶದ ಉಡುಪು ತೋರಿಸ್ತೀನಿ ಅಂತ ಹೊರಟರೆ ದಡ ಸೇರುವುದಿಲ್ಲ. ನಮ್ಮ ಸೀಮೆ, 1930ರಿಂದ 1980ರವರೆಗೆ, ಅಷ್ಟು ಸಾಕು. ಈ ಐವತ್ತು ವರ್ಷದಲ್ಲಿ ಇಲ್ಲಿ ಎಷ್ಟು ಬದಲಾಗಿದೆ ನೋಡಿ. 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು. ಕಚೇರಿಗೆ ಹೋಗುವವರ ಮೈಮೇಲೆ ಶೇರ್ವಾನಿ, ತಲೆಮೇಲೆ ಕುಚ್ಚಿನ ರೂಮಿ ಟೋಪಿ. ಹೊಲಕ್ಕೆ ಹೋಗುವವರಿಗೆ ಧೋತರ, ರುಮಾಲು. ಹೆಂಗಸರಿಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಲಂಬಾಣಿ ತಾಂಡಾಗಳಲ್ಲಿ ಕನ್ನಡಿ, ಕವಡೆ ಕೂರಿಸಿದ ಪೇಟಿಯಾ ಅನ್ನುವ ಲಂಗ, ಕಾಂಚಳಿ ಅನ್ನುವ ಕುಪ್ಪಸ. ಆಮೇಲೆ ಟೆರಿಲಿನ್, ಟೆರಿಕಾಟ್ ಅನ್ನುವ ಪಾಲಿಯೆಸ್ಟರ್ ಬಟ್ಟೆ ಬಂದು ಎಲ್ಲರ ಮೈಮೇಲೂ ಕೂತಿತು. ಇದೆಲ್ಲ ಒಂದೇ ಕೋಣೆಯಲ್ಲಿ ಪಕ್ಕಪಕ್ಕ ನಿಂತರೆ ಕಲಬುರಗಿ ಅಂದರೆ ಏನು ಅಂತ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ.

ಕೇಳುವ ಕೆಲಸ ಮನೆಯವರಿಂದಲೇ ಶುರುವಾಗಲಿ. ಹೆಚ್ಚಿನವರು ಮದುವೆಯ ರೇಷ್ಮೆ ಸೀರೆ ತಂದು ತೋರಿಸುತ್ತಾರೆ. ಅದೂ ಇರಲಿ, ಆದರೆ ದಿನಾ ಉಟ್ಟ ಬಟ್ಟೆಯನ್ನು ಒತ್ತಾಯ ಮಾಡಿ ಕೇಳಿ. "ಅದೇನ್ ನೋಡ್ತೀರಿ ಬಿಡ್ರಿ, ಹಳೀ ಬಟ್ಟಿ" ಅಂದರೆ ಸರಿಯಾದ ಬಟ್ಟೆಯ ಹತ್ತಿರ ಬಂದಿದ್ದೀರಿ ಅಂತ ಅರ್ಥ. ತೇಪೆ ಹಾಕಿದ ಕುಪ್ಪಸ, ಅಣ್ಣನಿಂದ ತಮ್ಮನಿಗೆ ಬಂದ ಅಂಗಿ, ಹಳೆ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ, ಇವೇ ಮೊದಲು ಮಾಯ ಆಗುವುದು. ಕಲಬುರಗಿಯ ಹಳೆ ಬಟ್ಟೆ ಗಿರಣಿ ಎಂಎಸ್‌ಕೆ ಮಿಲ್ಲಿನಲ್ಲಿ ದುಡಿದವರ ಮನೆಗಳಿಗೂ ಹೋಗಿ. ಮಿಲ್ಲಿನ ಮುದ್ರೆ ಇರುವ ಬಟ್ಟೆಯ ತುಂಡು, ಕೆಲಸದ ಫೋಟೋ ಸಿಕ್ಕರೆ ಅದಕ್ಕಿಂತ ದೊಡ್ಡ ವಸ್ತು ನಿಮ್ಮ ಕೋಣೆಗೆ ಬೇಕಿಲ್ಲ.

ಬಟ್ಟೆ ಕೈಗೆ ಬಂದ ದಿನವೇ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಿ. ನಾಳೆ ಬರ್ತೀನಿ ಅನ್ನಬೇಡಿ. "ಆಯಿ, ಇದನ್ನ ಉಟ್ಕೊಂಡು ಎಲ್ಲಿಗೆ ಹೋಗಿದ್ರಿ? ಶರಣಬಸಪ್ಪನ ಜಾತ್ರೆಗಾ?" ಅಂತ ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲಿ ಕೊಂಡಿದ್ದು, ಹೊಲಿದವರು ಯಾರು, ಯಾವಾಗ ಉಡುವುದು ಬಿಟ್ಟಿದ್ದು, ಯಾಕೆ ಬಿಟ್ಟಿದ್ದು. ಕೊನೆಯ ಪ್ರಶ್ನೆ ಮರೆಯಬೇಡಿ.

ಮನೆಗೆ ತಂದ ಮೇಲೆ ಒಗೆಯಬೇಡಿ, ಇಸ್ತ್ರಿ ಹಾಕಬೇಡಿ. ಕೈ ತಡೆದುಕೊಳ್ಳುವುದು ಕಷ್ಟ, ಗೊತ್ತು. ಆದರೆ ಹಳೆ ಬಣ್ಣ ನೀರು ತಾಗಿದರೆ ಹರಡಬಹುದು, ಜೀರ್ಣವಾದ ನೂಲು ಒದ್ದೆಯಾದಾಗ ತನ್ನ ಭಾರಕ್ಕೇ ಹರಿಯಬಹುದು. ಅರಿಶಿನದ ಕಲೆ, ಕುಂಕುಮದ ಕಲೆ ಕೂಡ ಆ ಬಟ್ಟೆಯ ಕಥೆಯೇ. ಧೂಳು ಮಾತ್ರ ತೆಗೆಯಿರಿ: ಬಟ್ಟೆಯ ಮೇಲೆ ತೆಳು ನೈಲಾನ್ ಬಲೆ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಕಮ್ಮಿ ಜೋರಿನಲ್ಲಿಟ್ಟು ಬಲೆಯ ಮೇಲಿಂದ ಎಳೆಯಿರಿ. ಕನ್ನಡಿ, ಕವಡೆ ಇರುವ ಕಡೆ ಅದೂ ಬೇಡ, ಮೆತ್ತಗಿನ ಬ್ರಶ್ ಸಾಕು.

ಇದು ಎಷ್ಟು ಹಳೆಯದು ಅಂತ ತಿಳಿಯುವುದು ಹೇಗೆ? ನನಗೆ ಅತಿ ಇಷ್ಟವಾದ ಕೆಲಸ ಇದು. ಒಂದು ಕಾಂಚಳಿಯನ್ನು ಬೆಳಕಿಗೆ ಹಿಡಿದು ನೋಡಿ, ಅದರಲ್ಲಿ ನಾಣ್ಯ ಹೊಲಿದಿರಬಹುದು. ಚಾರ್‌ಮಿನಾರ್ ಚಿತ್ರ ಇದ್ದರೆ ಅದು ಹೈದರಾಬಾದ್ ಸಂಸ್ಥಾನದ ನಾಣ್ಯ, ಇಸವಿ ಹಿಜರಿ ಲೆಕ್ಕದಲ್ಲಿರುತ್ತದೆ. "ನಯಾ ಪೈಸೆ" ಅಂತ ಬರೆದಿದ್ದರೆ 1957ರ ನಂತರದ್ದು, ಆ "ನಯಾ" 1964ರಲ್ಲಿ ಹೋಯಿತು. ಒಂದು ಎಚ್ಚರ: ನಾಣ್ಯ ಹಳೆಯದಿದ್ದ ಮಾತ್ರಕ್ಕೆ ಬಟ್ಟೆಯೂ ಅಷ್ಟೇ ಹಳೆಯದಲ್ಲ. ಅಜ್ಜಿಯ ಕಾಂಚಳಿಯಿಂದ ಬಿಚ್ಚಿ ಮೊಮ್ಮಗಳದ್ದಕ್ಕೆ ಹೊಲಿದಿರುತ್ತಾರೆ. ಹಾಗಾಗಿ ಇರುವುದರಲ್ಲೇ ಹೊಸ ನಾಣ್ಯ ಹುಡುಕಿ. ಹೊಲಿಗೆ ಮೊದಲಿನದ್ದೇ ಆಗಿದ್ದರೆ ಬಟ್ಟೆ ಅದಕ್ಕಿಂತ ಹಿಂದಿನದ್ದಾಗಿರಲು ಸಾಧ್ಯವಿಲ್ಲ.

ನೂಲು ಯಾವುದು ಅಂತ ಅನುಮಾನ ಬಂದರೆ ಮನೆಯವರನ್ನು ಕೇಳಿ, ಒಳಗಿನ ಹೊಲಿಗೆಯಿಂದ ಒಂದೇ ಒಂದು ಎಳೆ ತೆಗೆದು, ಬಟ್ಟೆಯಿಂದ ದೂರ ಹೋಗಿ ಚಿಮಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದ ಸುಟ್ಟ ಹಾಗೆ ವಾಸನೆ ಬಂದು ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆ, ಸೆರಗಿನ ಎಳೆ ಬೇರೆ ಬೇರೆ ನೋಡಬೇಕು, ಯಾಕಂದ್ರೆ ಒಡಲು ಹತ್ತಿ, ಸೆರಗು ರೇಷ್ಮೆ ಇರುವುದು ಸಾಮಾನ್ಯ. ಎರಡರ ಉದ್ದಕ್ಕೆ ಓಡುವ ಹಾಸುನೂಲನ್ನು ಕುಣಿಕೆ ಹಾಕಿ ಸೇರಿಸಿರುತ್ತಾರೆ, ಟೋಪ ತೆನಿ ಅನ್ನುವುದು ಅದಕ್ಕೇ. ಆ ಕೂಡಿಸಿದ ಗೆರೆ ಕಾಣುವ ಹಾಗೆ ಸೀರೆ ಇಡಿ, ಸುಮ್ನೆ ಸೆರಗಿನ ಚಂದ ಮಾತ್ರ ತೋರಿಸಬೇಡಿ.

ಬೀದರಿನಿಂದ ಬಿದ್ರಿ ಗುಂಡಿಯ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಗುಂಡಿಯ ಶೇರ್ವಾನಿ ಸಿಕ್ಕರೆ ಅದೃಷ್ಟ. ಗುಂಡಿಗೆ ಪಾಲಿಶ್, ಹುಣಸೆಹುಳಿ ಏನೂ ಹಚ್ಚಬೇಡಿ. ಬೀದರ ಕೋಟೆಯ ಮಣ್ಣಿನಿಂದ ಬಂದ ಕಪ್ಪು ಅದು, ಉಜ್ಜಿದರೆ ಹೋಗುತ್ತದೆ.

ಇಡುವ ವಿಷಯ. ಸೀರೆಯನ್ನು ಮಡಚಿಟ್ಟರೆ ಮಡಿಕೆಯಲ್ಲೇ ಹರಿಯುತ್ತದೆ, ಜರಿ ಇದ್ದರಂತೂ ಕೇಳಲೇಬೇಡಿ. ಬಟ್ಟೆ ಅಂಗಡಿಯಲ್ಲಿ ಥಾನಿನ ರಟ್ಟಿನ ಕೊಳವೆ ಸಿಗುತ್ತದೆ. ಅದಕ್ಕೆ ಮೊದಲು ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಗಂಜಿ ಪೂರ್ತಿ ಹೋಗುವ ತನಕ ಒಗೆದ ಕೋರಾ ಬಟ್ಟೆ ಸುತ್ತಿ, ಆಮೇಲೆ ಸೀರೆ ಸುತ್ತಿ. ನುಸಿ ಗುಳಿಗೆ ಹಾಕಬೇಡಿ, ಅದರ ಹೊಗೆ ಬಟ್ಟೆಗೂ ನಿಮಗೂ ಒಳ್ಳೆಯದಲ್ಲ. ಹುಳ ಬಿದ್ದಿದ್ದು ಕಂಡರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ಬಟ್ಟೆ ಬೆವರುತ್ತದೆ. ಕನ್ನಡಿ, ಗಾಜಿನ ಮಣಿ ಇರುವುದನ್ನು ಮಾತ್ರ ಫ್ರೀಜರಿಗೆ ಹಾಕಬೇಡಿ.

ನಮ್ಮ ಕಡೆಯ ದೊಡ್ಡ ಶತ್ರು ಬಿಸಿಲು. ಬೆಳಕಿನಿಂದ ಹೋದ ಬಣ್ಣ ವಾಪಸ್ ಬರುವುದಿಲ್ಲ. ಕಿಟಕಿಗೆ ದಪ್ಪ ಪರದೆ ಹಾಕಿ, ಬೆಳಕು 50 ಲಕ್ಸ್ ದಾಟದಂತೆ ನೋಡಿಕೊಳ್ಳಿ. ಅಂದಾಜಿಗೆ ಮೊಬೈಲಿನ ಆ್ಯಪ್ ಸಾಕು. ಯಾರೂ ಇಲ್ಲದಾಗ ಲೈಟ್ ಆರಿಸಿ. ಒಂದು ಬಟ್ಟೆ ಮೂರು ತಿಂಗಳು ಹೊರಗಿದ್ದರೆ ಉಳಿದ ವರ್ಷ ಕತ್ತಲಲ್ಲಿರಲಿ. ಹಾಗೆ ಬದಲಾಯಿಸುತ್ತಿದ್ದರೆ ಜನರೂ ಮತ್ತೆ ಬರುತ್ತಾರೆ, ಅಲ್ವಾ?

ಅಂಗಡಿಯ ಪ್ಲಾಸ್ಟಿಕ್ ಬೊಂಬೆ ಬೇಡ. ಹಳೆ ಕುಪ್ಪಸ ತುಂಬ ಚಿಕ್ಕವು, ಎಳೆದು ತೊಡಿಸಿದರೆ ಕಂಕುಳಲ್ಲಿ ಹರಿಯುತ್ತವೆ. ಕೋರಾ ಬಟ್ಟೆಯೊಳಗೆ ಪಾಲಿಯೆಸ್ಟರ್ ಹತ್ತಿ ತುಂಬಿ ಅದರ ಅಳತೆಗೆ ಒಂದು ಮೈ ಹೊಲಿಸಿ, ಯಾವ ದರ್ಜಿ ಆದರೂ ಮಾಡಿಕೊಡುತ್ತಾರೆ. ಪೇಟಿಯಾ ಬಹಳ ಭಾರ, ಅದನ್ನು ನೇತುಹಾಕಬೇಡಿ, ಓರೆ ಹಲಗೆಯ ಮೇಲೆ ಬಟ್ಟೆ ಹಾಸಿ ಮಲಗಿಸಿ.

ಪ್ರತಿ ಬಟ್ಟೆಗೂ ನಂಬರ್ ಬೇಕು. 2025/4/2 ಅಂದರೆ 2025ರಲ್ಲಿ ನಾಲ್ಕನೇ ಮನೆಯಿಂದ ಬಂದ ಎರಡನೇ ಬಟ್ಟೆ. ನೀರಿಗೆ ಹರಡದ ಪೆನ್ನಿನಲ್ಲಿ ಹತ್ತಿ ಪಟ್ಟಿಯ ಮೇಲೆ ಬರೆದು, ಒಳಗಿನ ಹೊಲಿಗೆಗೆ ಎರಡು ಸಡಿಲ ಹೊಲಿಗೆ ಹಾಕಿ. ಪಿನ್ನು, ಸ್ಟೇಪ್ಲರ್ ಮುಟ್ಟಲೇಬೇಡಿ, ತುಕ್ಕು ಹಿಡಿಯುತ್ತದೆ. ಪಕ್ಕದ ಚೀಟಿ ಕನ್ನಡ, ಉರ್ದು ಎರಡರಲ್ಲೂ ಇರಲಿ, ಬೀದರಿನಲ್ಲಾದರೆ ಮರಾಠಿಯೂ. ಚೀಟಿಯಲ್ಲಿ ಬಟ್ಟೆಯ ಹೆಸರಿನ ಕೆಳಗೆ ಉಟ್ಟವರ ಒಂದು ಮಾತು ಅವರದ್ದೇ ಭಾಷೆಯಲ್ಲಿ ಹಾಕಿ, ಅವರು ಒಪ್ಪಿದರೆ ಮಾತ್ರ.

ಕೊನೆಗೆ ಕಾಗದಪತ್ರ. ದಾನವೋ, ಸಾಲವೋ ಅಂತ ಮೊದಲ ದಿನವೇ ಬರೆದು ಎರಡೂ ಕಡೆಯವರು ಸಹಿ ಹಾಕಿ. ಸಾಲ ಆದರೆ ಒಂದು ವರ್ಷದ ಅವಧಿ ಇಡಿ, ಮುಗಿದಾಗ ನೀವೇ ಹೋಗಿ ಕೇಳಿ. ಬಟ್ಟೆಯ ಫೋಟೋ, ಆಗಲೇ ಇದ್ದ ಹರಕಿನ ಫೋಟೋ ಎರಡೂ ಆ ಕಾಗದದ ಜೊತೆ ಇರಲಿ. ಮಗಳ ಮದುವೆಗೆ ಆ ಸೀರೆ ಬೇಕು ಅಂತ ಬಂದರೆ ಬೇಜಾರು ಮಾಡಿಕೊಳ್ಳದೆ ಕೊಳವೆಯ ಸಮೇತ ಕೊಟ್ಟು ಕಳಿಸಿ, ರಿಜಿಸ್ಟರಿನಲ್ಲಿ ತಾರೀಖು ಬರೆಯಿರಿ.